ಬಾಡಿಗೆ ಮನೆಯ ಆಂಟಿ

ಶಾಲೆಗೆ ಸೇರಿಸಿದ ದಿನ ಮೂಗಯ್ಯ ಒಂದೇ ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ತಂದೆಯ ಹೆಸರೇನು ಎಂದು ಹೆಡ್‌ಮೇಷ್ಟ್ರು ಕೇಳಿದಾಗ ತನ್ನ ಹೆಸರನ್ನು ಹೇಳಿಬಿಟ್ಟಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಅವನ ಹೆಗಲ ಮೇಲೆ ಕೂತು ಬಂದಿದ್ದ ಕೂಸು ಅವನ ಎರಡೂ ಕಿವಿಗಳನ್ನು ಹಿಡಿದುಕೊಂಡೇ ಇತ್ತು. ಯಾರು ಅನುಮಾನ ಪಡುತ್ತಿದ್ದರು? ಆದರೆ ಮೂಗಯ್ಯ ಅಂಥವನಲ್ಲ. "ಹೆತ್ತೋನ ಹೆಸರು ಕದೀಬಾರದು ಕಣೆ ಚಲುವಿ. ಸಾಕೋದು ನಮ್ದು, ಹೆಸರು ಅವನ್ದು" ಎಂದು ಹೆಂಡತಿಗೆ ಹೇಳಿ, ಭಾಮೈದನ ಹೆಸರನ್ನೇ ಬರೆಸಿ ಬಂದ. ತಂದೆ ನಾಗೇಂದ್ರ, ತಾಯಿ ಪದ್ಮಾವತಿ.

ಚಲುವಮ್ಮನಿಗೆ ಆಗ ಅದು ಸರಿಯೆಂದೇ ಕಂಡಿತ್ತು. ನಾಗೇಂದ್ರ ಅವಳ ಒಡಹುಟ್ಟಿದ ತಮ್ಮ. ಅವನಿಗೆ ಮೂರನೆಯದೂ ಹೆಣ್ಣಾದಾಗ, ಮಕ್ಕಳಿಲ್ಲದ ಅಕ್ಕನನ್ನು ಕರೆಸಿ, ಮಗುವನ್ನು ಮೊರದಲ್ಲಿ ಮಲಗಿಸಿ, ಎಲೆ ಅಡಿಕೆ ತೆಂಗಿನಕಾಯಿಯ ಜೊತೆಗೆ ಅವಳ ಮಡಿಲಿಗೆ ಇಟ್ಟಿದ್ದರು. ಊರಿನ ನಾಲ್ಕು ಜನ ಹಿರಿಯರು ನೋಡಿದ್ದರು. ಅದಕ್ಕಿಂತ ದೊಡ್ಡ ದಾಖಲೆ ಬೇಕಾದೀತೆಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಮೊರದಲ್ಲಿ ಬಂದ ಆ ಕೂಸೇ ಅನುಪಮಾ. ಅವಳು ಚಲುವಮ್ಮನನ್ನು ಅವ್ವ ಎಂದಳು, ಮೂಗಯ್ಯನನ್ನು ಅಪ್ಪ ಎಂದಳು. ವರ್ಷಕ್ಕೊಮ್ಮೆ ನೋಡುತ್ತಿದ್ದ ಹೆತ್ತವರನ್ನು ದಟ್ಟಗಳ್ಳಿಯ ಮಾವ, ದಟ್ಟಗಳ್ಳಿಯ ಅತ್ತೆ ಎಂದಳು.

ಮೂಗಯ್ಯ ತೀರಿಕೊಂಡ ಮೇಲೆ ಮೈಸೂರಿನ ನಜರ್‌ಬಾದಿನ ಒಂದು ವಠಾರದಲ್ಲಿ, ಒಂದೇ ಕೋಣೆಯ ಮನೆಯಲ್ಲಿ ಅವ್ವ ಮಗಳಿಬ್ಬರೇ ಉಳಿದರು. ಚಲುವಮ್ಮ ದಿನಾ ಬಸ್ಸಿನಲ್ಲಿ ಗೋಕುಲಂಗೆ ಹೋಗಿ, ಯೋಗ ಕಲಿಯಲು ಬರುವ ವಿದೇಶದವರು ಇಳಿದುಕೊಳ್ಳುವ ಮನೆಗಳಲ್ಲಿ ಕಸ ಮುಸುರೆ ಮಾಡುತ್ತಿದ್ದಳು. ಊರಿಗೆ ಹೊರಟ ಒಬ್ಬ ಬಿಳಿ ಹೆಂಗಸು ತನ್ನ ನೇರಳೆ ಬಣ್ಣದ ಯೋಗದ ಚಾಪೆಯನ್ನು ಇವಳಿಗೆ ಕೊಟ್ಟು, ಕೈಮುಗಿದು ಹೋಗಿದ್ದಳು. ಅನುಪಮಾ ಮಲಗುತ್ತಿದ್ದುದು ಅದರ ಮೇಲೆ.

ಅವಳು ಪಿಯುಸಿ ಮೊದಲ ವರ್ಷದಲ್ಲಿದ್ದಾಗ ನಾಗೇಂದ್ರ ಹಣ್ಣು ಹೂವು ಹಿಡಿದು ಬಂದ. ಹೆಂಡತಿಯ ತಮ್ಮ ಅಮರ್‌ಗೆ ಈ ಹುಡುಗಿಯನ್ನು ತರಬೇಕು ಎಂದ. ಸೋದರಮಾವ, ಹೊರಗಿನವನೇನಲ್ಲ. ಅನುಪಮಾ ಒಲ್ಲೆನೆಂದಳು. ಚಲುವಮ್ಮ ಕಾಲು ಹಿಡಿದು ಬೇಡವೆಂದಳು. ಆದರೂ ದಿನ ಗೊತ್ತಾಯಿತು. ಆಗ ಅನುಪಮಾ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದಳು. ಪೊಲೀಸರು ದಟ್ಟಗಳ್ಳಿಯ ಮನೆಗೆ ಹೋಗಿ, ಬೀದಿಯವರೆಲ್ಲ ನೋಡುತ್ತಿರುವಾಗ ನಾಗೇಂದ್ರನಿಂದ ಮುಚ್ಚಳಿಕೆ ಬರೆಸಿಕೊಂಡರು. ಮರುದಿನ ಅವನು ವಠಾರದ ಬಾಗಿಲಲ್ಲಿ ನಿಂತು, "ಇವತ್ತಿಗೆ ನನ್ನ ಪಾಲಿಗೆ ನೀವಿಬ್ರೂ ಸತ್ರಿ" ಎಂದು ಕೂಗಿ ಹೋದ. ಆಮೇಲೆ ಮುಖ ತೋರಿಸಲಿಲ್ಲ.

ಈಗ ಅನುಪಮಾಗೆ ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕಿತ್ತು. ವಠಾರಕ್ಕೆಲ್ಲ ಸಕ್ಕರೆ ಹಂಚಿದ್ದೂ ಆಗಿತ್ತು. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೋದಾಗ ಕಂಪ್ಯೂಟರ್ ಒಪ್ಪಲಿಲ್ಲ. ಗಾರೆ ಕೆಲಸಕ್ಕೆಂದು ಮೈಸೂರಿಗೆ ಬಂದಿದ್ದ ನಾಗೇಂದ್ರ ಈಗ ದಟ್ಟಗಳ್ಳಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರು, ತೆರಿಗೆ ಕಟ್ಟುವವನು. ತಂದೆಯ ಆದಾಯ ಮಿತಿಗಿಂತ ಹೆಚ್ಚು ಎಂದು ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಕಾಗದದ ಪ್ರಕಾರ ಅನುಪಮಾ ಅನುಕೂಲಸ್ಥರ ಮಗಳು. ತಿಂಗಳ ಕೊನೆಯೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದು ಕಾಲೇಜಿನವರು ಹೇಳಿದರು.

ಚಲುವಮ್ಮ ಅಭಿಮಾನ ಬಿಟ್ಟು ದಟ್ಟಗಳ್ಳಿಗೆ ಹೋದಳು. ನಾಗೇಂದ್ರ ಅರ್ಧ ಕಟ್ಟಿದ ಮನೆಯೊಂದರ ಮುಂದೆ ನಿಂತು ಗೋಡೆಗೆ ನೀರು ಹಾಯಿಸುತ್ತಿದ್ದ. ಅಕ್ಕನನ್ನು ನೋಡಿಯೂ ಪೈಪು ಕೆಳಗಿಡಲಿಲ್ಲ.

"ಏನು, ಪೊಲೀಸ್ನೋರು ಬರ್ಲಿಲ್ವಾ ಜೊತೇಲಿ?"

"ಆ ಮಾತು ಬುಡು ನಾಗ. ಕೂಸಿಗೆ ಸೀಟು ಸಿಕ್ಕದೆ, ನರ್ಸಿಂಗು."

"ಸಿಗಲಿ. ಸಂತೋಸ."

"ಕಂಪ್ಯೂಟರ್ನಾಗೆ ನಿನ್ನ ಆದಾಯ ತೋರುಸ್ತದಂತೆ. ಅದ್ಕೆ ಸ್ಕಾಲರ್‌ಶಿಪ್ಪು ಬರಾಕಿಲ್ವಂತೆ. ನೀನಾದ್ರೂ ಕಟ್ಟಪ್ಪ. ಇಲ್ಲಾಂದ್ರೆ, ಈ ಹುಡುಗಿನ ನಾನು ಓದುಸ್ತಿಲ್ಲ ಅಂತ ಒಂದು ಮಾತು ಬರ್ಕೊಡು."

"ಬರ್ಕೊಟ್ರೆ ಅದನ್ನೇ ಇಟ್ಕೊಂಡು ನನ್ ಮೇಲೆ ಕೇಸ್ ಹಾಕುಸ್ತಾಳೆ ನಿನ್ ಮಗಳು. ಒಂದ್ಸಲ ರುಚಿ ನೋಡಿದ್ದೀನಿ, ಸಾಕು."

"ನನ್ ಮಗಳು ಅಂತ ನೀನೇ ಅಂದೆಯಲ್ಲ. ಅದನ್ನೇ ಆಫೀಸ್ನಾಗೆ ಬಂದು ಹೇಳು."

ಅವನು ನಕ್ಕ. ಅಷ್ಟರಲ್ಲಿ ಪದ್ಮಾವತಿ ಆಳುಗಳಿಗೆಂದು ಫ್ಲಾಸ್ಕಿನಲ್ಲಿ ಟೀ ತಂದಳು. ಎಲ್ಲರಿಗೂ ಬಗ್ಗಿಸಿಕೊಟ್ಟು, ಯಾರೂ ಹೇಳದಿದ್ದರೂ ಒಂದು ಲೋಟ ಚಲುವಮ್ಮನ ಕೈಗೂ ಇಟ್ಟಳು. ಗಂಡನ ಕಡೆಗೆ ಬೆನ್ನು ಮಾಡಿ, ತುಟಿ ಅಲುಗದ ಹಾಗೆ, "ಚೆನ್ನಾಗವ್ಳಾ?" ಎಂದು ಕೇಳಿದಳು. ಚಲುವಮ್ಮ ತಲೆಯಾಡಿಸಿದಳು.

"ಅಮರ್ ಇನ್ನೂ ಮದುವೆ ಆಗಿಲ್ಲ" ಎಂದ ನಾಗೇಂದ್ರ, ಗೋಡೆಯನ್ನೇ ನೋಡುತ್ತ. "ಬಂದು ತಪ್ಪಾಯ್ತು ಅನ್ಲಿ. ತಾಳಿ ಕಟ್ಟುಸ್ಕೊಳ್ಲಿ. ಆಮೇಲೆ ಎಷ್ಟು ವರ್ಸ ಬೇಕಾದ್ರೂ ಓದ್ಲಿ, ನಾನೇ ಕಟ್ತೀನಿ. ನನ್ ಮಾತು ಮಾತೇ."

ಚಲುವಮ್ಮ ಟೀ ಕುಡಿದು, ಲೋಟ ತೊಳೆದಿಟ್ಟು, ಬಸ್ಸು ಹತ್ತಿದಳು. ಅವನು ಹೇಳಿದ್ದನ್ನು ಮಗಳಿಗೆ ಹೇಳಲಿಲ್ಲ. ಅನುಪಮಾ ಕೇಳಲೂ ಇಲ್ಲ. ಅವ್ವನ ಮುಖ ನೋಡಿ ಅನ್ನಕ್ಕೆ ನೀರಿಟ್ಟಳು.

ದಾರಿ ತೋರಿಸಿದವರು ಅನುಪಮಾ ಪಿಯುಸಿ ಓದಿದ ಕಾಲೇಜಿನ ಉಪನ್ಯಾಸಕಿ ಮಾಲವಿಕಾ. ವಯಸ್ಸಿನಲ್ಲಿ ಚಿಕ್ಕವರು. ಬಿಸಿಲಿನಲ್ಲಿ ಬಂದ ಚಲುವಮ್ಮನನ್ನು ಫ್ಯಾನಿನ ಕೆಳಗಿನ ತಮ್ಮ ಕುರ್ಚಿಯಲ್ಲೇ ಕೂರಿಸಿ, ತಾವು ಸ್ಟೂಲ್ ಎಳೆದುಕೊಂಡರು.

"ರಮಾಮಣಿ ನಿಧಿ ಅಂತ ಇದೆ ಅಮ್ಮ. ಸುಂದರೇಶ್ ಸರ್ ಅಂತ, ಅರಮನೆ ಸೇವೆಯಲ್ಲಿದ್ದ ಹಳೇ ಮನೆತನದವರು. ತಾಯಿಯ ಹೆಸರಲ್ಲಿ ಇಟ್ಟಿದ್ದಾರೆ. ಅಪ್ಪ ಅಮ್ಮನಿಂದ ದೂರ ಆದ ಮಕ್ಕಳಿಗೆ ಅಂತಲೇ ಇರೋದು. ಫೀಸು, ಹಾಸ್ಟೆಲ್ಲು, ಪುಸ್ತಕ, ನಾಲ್ಕು ವರ್ಷವೂ ಅವರದೇ. ಅನುಪಮಂಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ..."

"ಆದ್ರೆ ಏನವ್ವ?"

"ರಕ್ತಸಂಬಂಧಿಗಳ ಆಶ್ರಯದಲ್ಲಿ ಇರಬಾರದು ಅಂತ ನಿಯಮ. ಹಿಂದೆ ಒಬ್ಬ ಹುಡುಗ ಚಿಕ್ಕಪ್ಪನ ಮನೇಲಿದ್ದುಕೊಂಡು, ಹೆತ್ತವರು ಬಿಟ್ಟಿದ್ದಾರೆ ಅಂತ ತಗೊಂಡಿದ್ದನಂತೆ. ನೋಡಿದರೆ ಅಪ್ಪ ಚಿಕ್ಕಪ್ಪ ಎಲ್ಲಾ ಒಂದೇ, ದುಡ್ಡು ಚಿಕ್ಕಪ್ಪನ ಅಂಗಡಿಗೆ ಹೋಗಿತ್ತು. ಅವತ್ತಿಂದ ಸರ್ ತುಂಬಾ ಕಟ್ಟುನಿಟ್ಟು. ಪ್ರತಿಯೊಬ್ಬರ ಮನೆಗೂ ತಾವೇ ಹೋಗಿ ನೋಡ್ತಾರೆ."

"ನಾನು ಅವಳ ಅವ್ವ ಕಣ್ರವ್ವ."

"ನನಗೆ ಗೊತ್ತು. ಕಾಗದದ ಮೇಲೆ ನೀವು ಅವಳ ತಂದೆಯ ಅಕ್ಕ." ಮಾಲವಿಕಾ ಕಿಟಕಿಯ ಕಡೆಗೆ ತಿರುಗಿದರು. "ಸಂಬಂಧ ಇಲ್ಲದೋರ ಮನೇಲಿ ಬಾಡಿಗೆಗಿದ್ದರೆ ಏನೂ ತೊಂದರೆ ಇಲ್ಲ" ಎಂದರು. ಚಲುವಮ್ಮನ ಖಾಲಿ ಬಾಟಲಿಯನ್ನು ತೆಗೆದುಕೊಂಡು ಹೋಗಿ, ತಣ್ಣನೆಯ ನೀರು ತುಂಬಿಸಿ ತಂದುಕೊಟ್ಟರು.

ಹಾಗೆ ಶುರುವಾಯಿತು. ಸುಂದರೇಶ ದಂಪತಿಗಳು ಭಾನುವಾರ ಬರುತ್ತಾರೆಂದು ಗೊತ್ತಾದಾಗ ಚಲುವಮ್ಮ ಕೋಣೆಯ ಒಂದು ಮೂಲೆಗೆ ಹಳೇ ಸೀರೆಯ ಪರದೆ ಕಟ್ಟಿದಳು. ಅದರ ಹಿಂದೆ ಅನುಪಮಾಳ ಟ್ರಂಕು, ಪುಸ್ತಕ, ನೇರಳೆ ಚಾಪೆ. ಅದು ಬಾಡಿಗೆಗೆ ಕೊಟ್ಟ ಜಾಗ. ಗೋಡೆಯ ಮೇಲೆ ಬುದ್ಧನ ಪಟದ ಪಕ್ಕದಲ್ಲಿದ್ದ, ಮೂಗಯ್ಯನ ತೊಡೆಯ ಮೇಲೆ ಅನುಪಮಾ ಕೂತಿದ್ದ ಫೋಟೋವನ್ನು ಇಳಿಸಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. ಪಕ್ಕದ ಮನೆಯ ಸೋಮಮ್ಮನಿಗೆ ವಿಷಯ ಹೇಳಿ, ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡಿರಬೇಕೆಂದು ಕೇಳಿಕೊಂಡಳು.

"ನಾನೂ ನಿಮ್ಮನೇಲಿ ಬಾಡಿಗೆಗೆ ಇವ್ನಿ ಅಂತ ಹೇಳ್ಬುಡ್ಲಾ?" ಎಂದಳು ಸೋಮಮ್ಮ. "ನನ್ನೂ ಅಪ್ಪ ಅಮ್ಮ ಬುಟ್ಟೇ ಹೋಗವ್ರೆ, ಸ್ವರ್ಗಕ್ಕೆ. ನನ್ಗೂ ಏನಾರ ಕೊಟ್ಟಾರು."

ಶನಿವಾರ ಸಂಜೆ ಅಭ್ಯಾಸ ನಡೆಯಿತು.

"ಎಲ್ಲಿ, ಕರಿ ನನ್ನ."

"ಆಂಟಿ."

"ಅಂಗಲ್ಲ. ಬಾಡಿಗೆಯೋಳು ಮನೆ ಯಜಮಾನಿನ ಕರ್ಯೋ ಅಂಗೆ."

"ಚಲುವಮ್ಮ ಆಂಟೀ, ನಲ್ಲೀಲಿ ನೀರು ಬಂತಾ ಆಂಟೀ?" ಎಂದು ಅನುಪಮಾ ಮೂಗಿನಲ್ಲಿ ಎಳೆದಳು.

"ಬಂತು, ನಿನಗಿಲ್ಲ. ಎರಡೇ ಬಿಂದಿಗೆ ನಿನಗೆ. ಬೆಳಗ್ಗೆ ಲೈಟ್ ಆರಿಸ್ದೆ ಓಗಿದ್ಯಲ್ಲ, ಕರೆಂಟ್ ಬಿಲ್ಲು ನಿಮ್ಮಪ್ಪ ಕಟ್ತಾನಾ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವ ಇಷ್ಟು ಚೆನ್ನಾಗಿ ನಾಟಕ ಮಾಡುತ್ತಾಳೆಂದು ಅನುಪಮಾಗೆ ಗೊತ್ತಿರಲಿಲ್ಲ. ಚಲುವಮ್ಮನಿಗೂ ಗೊತ್ತಿರಲಿಲ್ಲ. ಆ ದನಿ ಅವಳದಲ್ಲ. ಮೂಗಯ್ಯ ಹಾಸಿಗೆ ಹಿಡಿದಿದ್ದಾಗ ಅವರಿದ್ದ ಹಿಂದಿನ ಮನೆಯ ಯಜಮಾನಿಯದು. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು ಆಡುತ್ತಿದ್ದ ಮಾತುಗಳೆಲ್ಲ ಚಲುವಮ್ಮನ ಒಳಗೆ ಒಂದೂ ಅಳಿಸದೆ ಉಳಿದಿದ್ದವು.

ಭಾನುವಾರ ಬೆಳಿಗ್ಗೆ ಅವರು ಬಂದರು. ಸುಂದರೇಶ ಬೆಳ್ಳಗಿನ, ಎತ್ತರದ ಮನುಷ್ಯ. ಬಾಗಿಲಲ್ಲಿ ತಲೆ ತಗ್ಗಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಅವರ ಹೆಂಡತಿ ಚೂಡಾಮಣಿ ಒಳಗೆ ಬಂದವರೇ, "ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?" ಎಂದು ತಾವಾಗಿ ಕೇಳಿದರು. ಸ್ಟೀಲ್ ಲೋಟವನ್ನು ಬಾಯಿಗೆ ಕಚ್ಚಿಕೊಂಡೇ ಕುಡಿದು, "ತಂಪಾಗಿದೆ" ಎಂದರು. ಅಂಥ ಮನೆತನದ ಹೆಂಗಸು ತನ್ನ ಮನೆಯಲ್ಲಿ ಕೇಳಿ ನೀರು ಕುಡಿದದ್ದು ಚಲುವಮ್ಮನಿಗೆ ಮೊದಲನೆಯ ಸಲ. ಇವರಿಗೆ ಸುಳ್ಳು ಹೇಳಬೇಕಲ್ಲ ಎನ್ನಿಸಿತು.

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಎಷ್ಟು ದಿನದಿಂದ ಇದ್ದಾಳೆ, ಹೆತ್ತವರು ಯಾವಾಗಲಾದರೂ ಬಂದಿದ್ದರೇ, ಮದುವೆಯ ಗಲಾಟೆ ಏನು. ಅನುಪಮಾ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟಳು. ಅವಳು ಹೇಳಿದ್ದರಲ್ಲಿ ಬಹುಪಾಲು ನಿಜವೇ ಆಗಿತ್ತು. ಸುಂದರೇಶ ಪರದೆಯ ಮೂಲೆಯನ್ನು ನೋಡಿದರು. ಒಲೆಯನ್ನು ನೋಡಿದರು. ಆಮೇಲೆ ಚಲುವಮ್ಮನ ಮುಖವನ್ನೂ ಅನುಪಮಾಳ ಮುಖವನ್ನೂ ನೋಡಿದರು. ಸೋದರತ್ತೆಗೂ ಸೊಸೆಗೂ ಒಂದೇ ಹಣೆ, ಒಂದೇ ಗದ್ದ. ನಾಗೇಂದ್ರನ ಮನೆಯವರದೆಲ್ಲ ಅದೇ ಅಚ್ಚು.

"ಒಂದೇ ಕೋಣೆ. ನೀವೇ ಬಾಡಿಗೆಗಿರೋರು. ಇದರಲ್ಲಿ ಮತ್ತೊಬ್ಬರಿಗೆ ಜಾಗ ಕೊಟ್ಟಿದ್ದೀರಿ" ಎಂದರು ಸುಂದರೇಶ ಮೆಲ್ಲಗೆ. "ಸಂಬಂಧ ಇಲ್ಲದೆ ಯಾರಮ್ಮಾ ಹೀಗೆ ಇಟ್ಟುಕೊಳ್ತಾರೆ? ನನಗೆ ಕೋಪವೇನಿಲ್ಲ. ನಿಜ ಹೇಳಿಬಿಡಿ. ಇವಳು ನಿಮಗೆ ಏನಾಗಬೇಕು?"

ಅನುಪಮಾಳ ಮುಖ ಬಿಳಿಚಿಕೊಂಡಿತು. ಸೀಟು ಕೈಬಿಟ್ಟು ಹೋಗುತ್ತಿರುವುದು ಚಲುವಮ್ಮನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಅದರ ಹಿಂದೆಯೇ ಅಮರ್ ಕಂಡ, ಅವನ ಕೈಯಲ್ಲಿದ್ದ ತಾಳಿ ಕಂಡಿತು. ಅವಳ ಕೈ ತಾನಾಗಿಯೇ ಸೊಂಟದ ಮೇಲೆ ಹೋಯಿತು.

"ಏನಾಗ್ಬೇಕು ಸ್ವಾಮಿ? ನನಗೇನೂ ಆಗ್ಬೇಕಿಲ್ಲ. ಗಂಡ ಸತ್ತೋಳು, ನಾಕು ಕಾಸು ಬರ್ತದೆ ಅಂತ ಮೂಲೆ ಕೊಟ್ಟೆ. ಕೊಟ್ಟಿದ್ದೇ ತಪ್ಪಾಯ್ತು. ಲೈಟ್ ಆರಿಸಾಕಿಲ್ಲ, ನೀರು ಮುಗುಸ್ತಾಳೆ. ಎರಡು ತುತ್ತು ಇಕ್ಕುದ್ರೆ ಮೂರನೇದಕ್ಕೆ ಕೈ ಒಡ್ತಾಳೆ. ಯಾವತ್ತು ಓಯ್ತಾಳೋ ಅಂತ ಕಾಯ್ತಾ ಇವ್ನಿ."

"ಅಮ್ಮಾ, ಹುಡುಗಿ ಎದುರಿಗೇ..." ಎಂದರು ಚೂಡಾಮಣಿ.

ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಸುಂದರೇಶರ ಮುಖದಲ್ಲಿ ಅನುಮಾನ ಹೋಗಿ ಅಸಹ್ಯ ಬಂದಿತ್ತು. ಆದರೆ ಭಯ ಹಿಡಿದ ನಾಲಿಗೆಗೆ ಎಲ್ಲಿ ಸಾಕೆನ್ನುವುದು ತಿಳಿಯಲಿಲ್ಲ.

"ಎದುರಿಗೆ ಅಂದ್ರೇನು, ಇರೋದನ್ನೇ ಯೋಳ್ದೆ. ಹೆತ್ತೋರಿಗೇ ಬ್ಯಾಡ್ವಾದದ್ದು ನನಗ್ಯಾಕೆ ಸ್ವಾಮಿ?"

ಆ ಮಾತು ಅವ್ವ ಮಗಳಿಗೆ ಹೊಸದಲ್ಲ. ಅನುಪಮಾ ಚಿಕ್ಕವಳಾಗಿದ್ದಾಗ ಬೀದಿಯ ನಲ್ಲಿಯ ಹತ್ತಿರ ಯಾರೋ ಅವಳಿಗೆ ಇದೇ ಮಾತು ಅಂದಿದ್ದರು. ಅವತ್ತು ಚಲುವಮ್ಮ ಬಿಂದಿಗೆ ಎತ್ತಿಕೊಂಡು ಹೋಗಿ ಆ ಹೆಂಗಸಿನ ಮೇಲೆ ಜಗಳಕ್ಕೆ ಬಿದ್ದು, ಮೂಗಯ್ಯ ಬಂದು ಬಿಡಿಸಬೇಕಾಗಿ ಬಂದಿತ್ತು. ಅನುಪಮಾ ಈಗ ತಲೆಯೆತ್ತಿ ಅವ್ವನನ್ನು ನೋಡಿದಳು. ನಾಟಕದ ನಡುವೆ ಕಣ್ಣು ಹೊಡೆದಾಳು ಎಂದು ಕಾದವಳ ಹಾಗೆ ಒಂದು ಕ್ಷಣ ನೋಡಿದಳು. ಚಲುವಮ್ಮ ಕಣ್ಣು ಹೊಡೆಯುವಂತಿರಲಿಲ್ಲ; ಸುಂದರೇಶರು ಅವಳನ್ನೇ ನೋಡುತ್ತಿದ್ದರು. ಅವಳು ಮಗಳ ಕಡೆಯಿಂದ ಮುಖ ತಿರುಗಿಸಿದಳು.

ಚೂಡಾಮಣಿ ಎದ್ದು ಬಂದು ಅನುಪಮಾಳ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. "ಇವತ್ತೇ ನಡಿ ಮಗು. ಹಾಸ್ಟೆಲ್ ಶುರುವಾಗೋವರೆಗೂ ನಮ್ಮನೇಲಿ ಇರು. ಬಟ್ಟೆ ತಗೋ."

"ಇವತ್ತೇನಾ?" ಎಂದಿತು ಚಲುವಮ್ಮನ ಬಾಯಿ, ತನ್ನದೇ ದನಿಯಲ್ಲಿ.

"ಯಾಕಮ್ಮಾ, ಯಾವತ್ತು ಹೋಗ್ತಾಳೋ ಅಂತ ಕಾಯ್ತಾ ಇದ್ದಿರಲ್ಲ" ಎಂದರು ಸುಂದರೇಶ. "ನೀವು ಹೆಣ್ಣು ಹೆಂಗಸು. ಕರುಳು ಅನ್ನೋದಾದರೂ ಇರಬೇಕಲ್ಲ."

ಬಟ್ಟೆ ಕಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮನೆಯಿಂದ ಯಾರಾದರೂ ದೊಡ್ಡ ಕೆಲಸಕ್ಕೆ ಹೊರಟರೆ ಬಾಯಿಗೆ ಒಂದು ಚಮಚ ಮೊಸರು ಸಕ್ಕರೆ ಹಾಕುವುದು ಚಲುವಮ್ಮನ ರೂಢಿ. ಮೊಸರು ಇತ್ತು, ಸಕ್ಕರೆಯೂ ಇತ್ತು. ಅವಳು ಒಲೆಯ ಪಕ್ಕ ಗೋಡೆಗೆ ಒರಗಿ ನಿಂತೇ ಇದ್ದಳು. ಅನುಪಮಾ ಟ್ರಂಕು ಎತ್ತಿಕೊಂಡು ಬಾಗಿಲಿಗೆ ಬಂದು, ಚಪ್ಪಲಿ ಮೆಟ್ಟಿ, "ಬರ್ತೀನಿ ಆಂಟಿ" ಎಂದಳು. ಶನಿವಾರದ ಅಭ್ಯಾಸಕ್ಕಿಂತ ಚೆನ್ನಾಗಿ ಹೇಳಿದಳು. ಚೂಡಾಮಣಿ ಟ್ರಂಕಿನ ಇನ್ನೊಂದು ಹಿಡಿಯನ್ನು ತಾವೇ ಹಿಡಿದುಕೊಂಡರು. ಆ ವಯಸ್ಸಿನಲ್ಲಿ, ಆ ಭಾರವನ್ನು. ಚಲುವಮ್ಮ ಅದನ್ನು ನೋಡಿದಳು. ಕಾರು ಹೋದ ಮೇಲೆ ಸೋಮಮ್ಮ ಓಡಿ ಬಂದು, "ಗೆದ್ದ್ಯಾ?" ಎಂದು ಕೇಳಿದಳು. ಚಲುವಮ್ಮ ಹೂಂ ಎಂದಳು.

ಸೀಟು ಉಳಿಯಿತು. ನಿಧಿಯವರು ಫೀಸು ಕಟ್ಟಿದರು. ಪುಸ್ತಕ ಕೊಡಿಸಿದರು, ಬಿಳಿ ಸಮವಸ್ತ್ರ ಹೊಲಿಸಿದರು. ಇದನ್ನೆಲ್ಲ ಅನುಪಮಾ ಫೋನಿನಲ್ಲಿ ಹೇಳಿದಳು. ಹಾಸ್ಟೆಲಿನ ಅವಳ ಕೋಣೆಯಲ್ಲಿ ಇನ್ನೂ ಮೂವರು ಹುಡುಗಿಯರಿದ್ದರು. ಅವರಲ್ಲೊಬ್ಬಳು ನಿಧಿಯ ಹುಡುಗಿಯೇ. ಅದಕ್ಕೆ ಫೋನಿನಲ್ಲೂ ಅವಳು ಆಂಟಿ ಎಂದೇ ಅನ್ನುತ್ತಿದ್ದಳು. ಒಂದು ದಿನ ಮಾತ್ರ ಟೆರೇಸಿಗೆ ಬಟ್ಟೆ ಒಣಗಿಸಲು ಬಂದಿದ್ದೇನೆ, ಯಾರೂ ಇಲ್ಲ ಎಂದಳು. ಚಲುವಮ್ಮ ಆತುರಾತುರವಾಗಿ ಹೇಳಿದಳು.

"ಅವತ್ತು ಅಂದದ್ದು ನಾಟಕ ಕಣೆ ಕೂಸೇ. ಆ ಮನುಸ್ಯ ಅಂಗೆ ಕೇಳ್ದಾಗ ನನಗೆ ಕೈಕಾಲೇ ಆಡ್ಲಿಲ್ಲ. ಬಾಯಿಗೆ ಬಂದದ್ದು ಅಂದ್ಬುಟ್ಟೆ."

"ಗೊತ್ತು."

"ಮನಸ್ಸಿಗೆ ಅಚ್ಕೋಬ್ಯಾಡ."

"ಇಲ್ಲ" ಎಂದಳು ಅನುಪಮಾ. ಬಟ್ಟೆ ಕೊಡವುವ ಸದ್ದು ಕೇಳಿಸಿತು. "ಚೆನ್ನಾಗೇ ಮಾಡ್ದೆ. ನಾನೇ ನಂಬಿಬಿಟ್ಟೆ."

ಆಮೇಲೆ ಫೋನುಗಳು ಕಡಿಮೆಯಾದವು. ಓದು ಜಾಸ್ತಿ, ವಾರ್ಡಿನ ಡ್ಯೂಟಿ ಶುರುವಾಗಿದೆ, ರಜೆಯಲ್ಲಿ ಚೂಡಾಮಣಿ ಮೇಡಂ ಮನೆಗೆ ಕರೆದಿದ್ದಾರೆ. ಒಂದೊಂದು ಕಾರಣವೂ ನಿಜವೇ ಇರಬಹುದು. ಚಲುವಮ್ಮ ಕೆಲಸದ ಮನೆಯಲ್ಲಿ ಪಾತ್ರೆ ತೊಳೆಯುತ್ತ, ಆ ಮಾತು ನುಂಗಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದಳು. ಅದೊಂದು ಮಾತಿಲ್ಲದಿದ್ದರೂ ಸುಂದರೇಶರು ನಂಬುತ್ತಿದ್ದರು. ನಂಬಿಯೇಬಿಟ್ಟಿದ್ದರು. ಹೆಚ್ಚಿಗೆ ಆಡಿದ್ದು ಅದೊಂದೇ.

ಗೌರಿ ಹಬ್ಬ ಕಳೆದ ಒಂದು ಭಾನುವಾರ ಅವಳಿಗೆ ತಡೆಯಲಾಗಲಿಲ್ಲ. ಅನುಪಮಾಗೆ ಇಷ್ಟವೆಂದು ಕೋಳಿ ಸಾರು ಮಾಡಿ, ಡಬ್ಬಿಗೆ ಹಾಕಿ, ಚೆಲ್ಲದ ಹಾಗೆ ಮಗಳ ಹಳೇ ದುಪಟ್ಟಾದಲ್ಲಿ ಬಿಗಿಯಾಗಿ ಸುತ್ತಿ, ಚೀಲದಲ್ಲಿಟ್ಟುಕೊಂಡು ಹಾಸ್ಟೆಲಿಗೆ ಹೋದಳು. ಬಸ್ಸಿನಲ್ಲಿ ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು. ಗೇಟಿನ ಕಾವಲುಗಾರ ಯಾರು ಬೇಕೆಂದು ಕೇಳಿದ.

"ಅನುಪಮಾ. ಮೊದಲ್ನೇ ವರ್ಸ."

"ನೀವು ಅವರಿಗೆ ಏನಾಗ್ಬೇಕು?"

ಉತ್ತರ ಬಾಯಿಗೆ ಬರುವ ಮೊದಲೇ ಹಿಂದಿನಿಂದ ಕಾರೊಂದು ಬಂದು ನಿಂತಿತು. ಚೂಡಾಮಣಿ ಇಳಿದರು. ಕೈಯಲ್ಲಿ ಸೇಬಿನ ಚೀಲ ಇತ್ತು. ಚಲುವಮ್ಮನನ್ನು ಗುರುತು ಹಿಡಿಯಲು ಅವರಿಗೆ ಹೊತ್ತು ಬೇಕಾಗಲಿಲ್ಲ.

"ನೀವಾ?" ಅವರ ದನಿ ಗಟ್ಟಿಯಾಯಿತು, ಒರಟಾಗಲಿಲ್ಲ. "ಯಾಕಮ್ಮ ಬಂದ್ರಿ? ಬಾಕಿ ಏನಾದ್ರೂ ಇದ್ದರೆ ನಮ್ಮನ್ನ ಕೇಳಿ. ಅವಳನ್ನ ಬಿಟ್ಟುಬಿಡಿ. ಈಗಷ್ಟೇ ನಗೋದು ಕಲೀತಿದ್ದಾಳೆ."

ಅಷ್ಟರಲ್ಲಿ ಅನುಪಮಾ ಮೆಟ್ಟಿಲಿಳಿದು ಬಂದಳು. ಮೈ ಕೈ ತುಂಬಿಕೊಂಡಿದ್ದಳು. ಕೂದಲನ್ನು ಹೊಸ ರೀತಿಯಲ್ಲಿ ಕಟ್ಟಿದ್ದಳು. ಗೇಟಿನ ಹತ್ತಿರ ಇಬ್ಬರನ್ನೂ ಒಟ್ಟಿಗೆ ನೋಡಿ ಅವಳ ಹೆಜ್ಜೆ ನಿಂತಿತು. ಆಮೇಲೆ ಬಂದು ಚೂಡಾಮಣಿಯವರ ಪಕ್ಕದಲ್ಲಿ ನಿಂತಳು. ನಿಲ್ಲಲು ಇದ್ದ ಜಾಗವೇ ಅದು.

"ಏನು ಬಂದ್ರಿ ಆಂಟಿ?" ಎಂದಳು.

ಬಹುವಚನ ಇಷ್ಟು ಹತ್ತಿರದಿಂದ ಚಲುವಮ್ಮನಿಗೆ ತಾಗಿರಲಿಲ್ಲ. ಅವಳು ಮಗಳ ಮುಖವನ್ನು ಹುಡುಕಿದಳು. ಇದು ನಾಟಕವೋ ಅಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ. ಅವತ್ತು ಆ ಕೋಣೆಯಲ್ಲಿ ಅನುಪಮಾಗೂ ಹೀಗೇ ಆಗಿರಬೇಕು ಎಂದು ಮಾತ್ರ ತಿಳಿಯಿತು. ಕೋರ್ಸು ಇನ್ನೂ ಮೂರು ವರ್ಷಕ್ಕಿಂತ ಹೆಚ್ಚಿತ್ತು. ಅವಳು ಚೀಲದೊಳಗೆ ಕೈಹಾಕಿ, ಡಬ್ಬಿಗೆ ಸುತ್ತಿದ್ದ ದುಪಟ್ಟಾವನ್ನು ಕಾಣದ ಹಾಗೆ ಬಿಚ್ಚಿ, ಅದೊಂದನ್ನೇ ಹೊರಗೆ ತೆಗೆದಳು.

"ಇದ ಬುಟ್ಟು ಬಂದಿದ್ಯಲ್ಲ. ನನಗ್ಯಾಕೆ ಇನ್ನೊಬ್ಬರ ಬಟ್ಟೆ ಅಂತ ತಂದೆ."

ಅನುಪಮಾ ದುಪಟ್ಟಾ ತೆಗೆದುಕೊಂಡಳು. ಅದು ಇನ್ನೂ ಬೆಚ್ಚಗಿತ್ತು. ಅವಳ ಬೆರಳುಗಳು ಅದನ್ನು ಮಡಿಸಲು ಹೋಗಿ ನಿಂತವು.

"ಥ್ಯಾಂಕ್ಸ್ ಹೇಳು ಮಗು" ಎಂದರು ಚೂಡಾಮಣಿ. "ಅಷ್ಟು ದೂರದಿಂದ ತಂದಿದ್ದಾರೆ."

"ಥ್ಯಾಂಕ್ಸ್ ಆಂಟಿ" ಎಂದಳು ಅನುಪಮಾ. ತಿರುಗಿ, ಓಡುವುದಕ್ಕೂ ನಡೆಯುವುದಕ್ಕೂ ನಡುವಿನ ಹೆಜ್ಜೆಯಲ್ಲಿ, ದುಪಟ್ಟಾವನ್ನು ಮುಖಕ್ಕೆ ಒತ್ತಿಕೊಂಡು ಒಳಗೆ ಹೋದಳು. ಚೂಡಾಮಣಿ ಸೇಬಿನ ಚೀಲವನ್ನು ಕಾವಲುಗಾರನ ಕೈಗೆ ಕೊಟ್ಟು, ಹುಡುಗಿಗೆ ತಲುಪಿಸಲು ಹೇಳಿದರು.

ಚಲುವಮ್ಮ ಬಸ್‌ಸ್ಟಾಪಿನ ಕಡೆಗೆ ಹೊರಟಳು. ಕಾರು ಪಕ್ಕಕ್ಕೆ ಬಂದು ನಿಂತಿತು. "ಹತ್ತಿ. ಬಿಸಿಲು ಜೋರಾಗಿದೆ, ನಜರ್‌ಬಾದಿಗೆ ಬಿಟ್ಟು ಹೋಗ್ತೀನಿ" ಎಂದರು ಚೂಡಾಮಣಿ. ಬೇಡವೆಂದರೂ ಬಿಡಲಿಲ್ಲ. ಮುಂದಿನ ಸೀಟಿನಲ್ಲೇ ಕೂರಿಸಿ, ಬೆಲ್ಟು ಹಾಕಿಕೊಳ್ಳಲು ಬಾರದ ಅವಳಿಗೆ ತಾವೇ ಬಗ್ಗಿ ಹಾಕಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರಿನೊಳಗೆ ಸಾರಿನ ಘಮ ತುಂಬಿತು. ಮಾಂಸ ಮುಟ್ಟದ ಆ ಹೆಂಗಸು ಏನೂ ಅನ್ನದೆ, ಮುಖವನ್ನೂ ಬದಲಿಸದೆ, ತಮ್ಮ ಕಡೆಯ ಗಾಜನ್ನು ಎರಡು ಬೆರಳಿನಷ್ಟು ಇಳಿಸಿದರು.

"ಅವತ್ತು ನಿಮ್ಮ ಮೇಲೆ ನನಗೆ ತುಂಬಾ ಕೋಪ ಬಂದಿತ್ತು" ಎಂದರು ರಸ್ತೆ ನೋಡುತ್ತ. "ಇವತ್ತು ಅನ್ನಿಸ್ತು, ನೀವು ಕೆಟ್ಟವರಲ್ಲ. ಕೆಟ್ಟವರು ಒಂದು ದುಪಟ್ಟಾಗೋಸ್ಕರ ಇಷ್ಟು ದೂರ ಬರಲ್ಲ. ಕಷ್ಟ ಮನುಷ್ಯರ ಬಾಯಿಂದ ಏನೇನೋ ಆಡಿಸುತ್ತೆ."

ಈಗ ಹೇಳಿಬಿಡಬಹುದು ಎಂದು ಚಲುವಮ್ಮನಿಗೆ ಅನ್ನಿಸಿತು. ಈ ಹೆಂಗಸು ಕ್ಷಮಿಸಿಯೂ ಬಿಡಬಹುದು. ಆದರೆ ಮನೆಯಲ್ಲಿ ಸುಂದರೇಶರಿದ್ದಾರೆ, ಅವರ ನಿಯಮವಿದೆ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ. ನಾಲಿಗೆ ಒಮ್ಮೆ ಹೆಚ್ಚಿಗೆ ಆಡಿದ್ದು ಸಾಕು. ಅವಳು ಚೀಲದ ಬಾಯಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.

"ಮತ್ತೆ ಯಾರಾದ್ರೂ ಬಂದಿದ್ದಾರಾ ಆ ಮೂಲೆಗೆ?"

"ಇಲ್ಲ ಕಣ್ರವ್ವ."

"ಬಂದರೆ ಸ್ವಲ್ಪ ಪ್ರೀತಿಯಿಂದ ನೋಡಿಕೊಳ್ಳಿ ಅಮ್ಮ. ಹೆತ್ತವರಿಂದ ದೂರ ಆದ ಮಕ್ಕಳಿಗೆ ಒಂದು ಒಳ್ಳೆಯ ಮಾತೇ ದೊಡ್ಡದು. ಹೊಡೆದದ್ದು ಮರೀತಾರೆ, ಅಂದದ್ದು ಮರೆಯಲ್ಲ."

"ಊಂ" ಎಂದಳು ಚಲುವಮ್ಮ. ಕಾರು ವಠಾರದ ಬಾಗಿಲಿಗೆ ಬಂದು ನಿಂತಿತು. ಚೂಡಾಮಣಿ ಬೆಲ್ಟು ಬಿಚ್ಚಿಕೊಟ್ಟರು. ಚಲುವಮ್ಮ ಇಳಿದು, ಬಾಗಿಲು ಹಾಕುವ ಮೊದಲು ಬಗ್ಗಿ ಹೇಳಿದಳು.

"ಇನ್ನ್ಯಾರ್ನೂ ಇಟ್ಕೊಳಾಕಿಲ್ಲ ಕಣ್ರವ್ವ."